ಸೋಮವಾರ ಕಮಲಾಪುರ, ಮಂಗಳವಾರ ಕಲಬುರಗಿ

ಶನಿವಾರ ಬೆಳಗಿನ ಶಾಲೆ. ಹನ್ನೊಂದೂವರೆಗೆ ಗಂಟೆ ಬಾರಿಸಿದ್ದೇ ತಡ, ಕಮಲಾಪುರದ ಮಕ್ಕಳು ಮನೆಯ ಕಡೆ ಓಡಿದರೆ ಜಾಹೇದಾ ಟೀಚರ್ ಬಸ್ ಸ್ಟ್ಯಾಂಡಿನ ಕಡೆ ಓಡುತ್ತಿದ್ದಳು. ಅವಳ ಕೈಚೀಲದಲ್ಲಿ ಐದನೆಯ ತರಗತಿಯ ಒಂದು ದಪ್ಪ ನೋಟುಬುಕ್ಕು. ಅದರ ರಟ್ಟಿನ ಮೇಲೆ ಮಕ್ಕಳೇ ಬರೆದ ಹೆಸರು: 'ಕಂಡದ್ದು'. ಮಹಾಗಾಂವದಲ್ಲಿ ಜನ ಇಳಿದು ಸೀಟು ಸಿಕ್ಕರೆ ಅದನ್ನು ತೆರೆದು ಒಮ್ಮೆ ಓದುವಳು. ಕಲಬುರಗಿಯಲ್ಲಿ ಇಳಿದು ಮನೆಗೂ ಹೋಗದೆ ಸ್ಟೇಶನ್ ಬಜಾರದ ಶಫಿಯ ಇಂಟರ್‌ನೆಟ್ ಅಂಗಡಿಯಲ್ಲಿ ಕುಳಿತು ಇನ್ನೊಮ್ಮೆ ಓದುವಳು. ಬ್ಲಾಗಿಗೆ ಟೈಪು ಮಾಡಿ, ಎಲ್ಲಿ ಯಾವ ಮಗುವಿನ ಮಾತು ತನ್ನ ಮಾತಾಗಿಬಿಟ್ಟಿದೆಯೋ ಎಂದು ಮೂರನೆಯ ಸಲ ಓದಿ, ಆಮೇಲೆ ಗುಂಡಿ ಒತ್ತುವಳು.

ಅದು ಎರಡು ಸಾವಿರದ ಒಂಬತ್ತನೆಯ ಇಸವಿ. ಶಾಲೆಯಲ್ಲಿ ಒಂದು ಕಂಪ್ಯೂಟರ್ ಇತ್ತು, ಇಂಟರ್‌ನೆಟ್ ಇರಲಿಲ್ಲ. ಬ್ಲಾಗೆಂದರೇನು ಎಂದು ಪಾಲಕರ ಸಭೆಯಲ್ಲಿ ಯಾರೋ ಕೇಳಿದಾಗ ಹೆಡ್ ಮಾಸ್ತರ್ ಚಂದ್ರಶಾ, "ಗ್ವಾಡಿಗಿ ಹಚ್ಚೋ ಪೇಪರ್ ಇರ್ತದಲ್ರಿ, ಅದನ್ನೇ ಗಾಳಿಯಾಗ ಹಚ್ಚೋದು. ಯಾವ ಊರಿನವರು ಬೇಕಾದ್ರೂ ಓದಬಹುದು" ಎಂದು ವಿವರಿಸಿದ್ದರು. ಜಾಹೇದಾಳಿಗೆ ಅದಕ್ಕಿಂತ ಒಳ್ಳೆಯ ವಿವರಣೆ ಹೊಳೆದಿರಲಿಲ್ಲ.

ಬ್ಲಾಗಿಗೆ ಅವಳು ಇಟ್ಟಿದ್ದ ಕಾಯಿದೆ ಒಂದೇ. ಪುಸ್ತಕದಲ್ಲಿ ಓದಿದ್ದನ್ನು ಬರೆಯುವಂತಿಲ್ಲ, ಕಣ್ಣಾರೆ ಕಂಡದ್ದನ್ನು ಬರೆದು ಕೆಳಗೆ ಹೆಸರು ಹಾಕಬೇಕು. ಹುಲ್ಲಿನಲ್ಲಿ ಮುಚ್ಚಿಟ್ಟ ಕೆಂಪು ಬಾಳೆಯ ಗೊನೆಯಲ್ಲಿ ಮೊದಲು ಹಣ್ಣಾಗುವುದು ಮೇಲಿನ ಕಾಯಿಯೋ ಕೆಳಗಿನದೋ ಎಂದು ಒಬ್ಬ ಬರೆದಿದ್ದ. ಎಮ್ಮೆ ಮಲಗುವಾಗ ಮುಂಗಾಲು ಮೊದಲು ಮಡಚುತ್ತದೆ, ಏಳುವಾಗ ಹಿಂಗಾಲು ಮೊದಲು ಎತ್ತುತ್ತದೆ ಎಂದು ಇನ್ನೊಬ್ಬಳು ಬರೆದು, 'ಒಂಬತ್ತು ಸಲ ನೋಡಿದೆ, ಹತ್ತನೆಯ ಸಲಕ್ಕೆ ಎಮ್ಮೆ ಸಿಟ್ಟಾಯಿತು' ಎಂದು ಸೇರಿಸಿದ್ದಳು. ಎಲ್ಲರಿಗಿಂತ ಹೆಚ್ಚು ಬರೆಯುತ್ತಿದ್ದವಳು ಮಲ್ಕಮ್ಮ. ಸಣ್ಣ ಮೈ, ದೊಡ್ಡ ಕಣ್ಣು, ತರಗತಿಯಲ್ಲಿ ಬಾಯಿ ಬಿಡುವುದೇ ಅಪರೂಪ. ಆದರೆ ನೋಟುಬುಕ್ಕಿನಲ್ಲಿ ಜೂನ್ ಒಂದರಿಂದ ಅವಳ ಹೆಸರಿನವು ಮೂವತ್ತೆಂಟು ಸಂಗತಿಗಳಿದ್ದವು.

ಈ ಬ್ಲಾಗಿಗೆ ಓದುಗರೂ ಇದ್ದರು. ಜಾಹೇದಾಳ ಜೊತೆ ಡಿ.ಎಡ್. ಓದಿದ ಗೆಳತಿ ಅಮೃತ, ಕುಸನೂರ ರಸ್ತೆಯ ಒಂದು ಖಾಸಗಿ ಶಾಲೆಯಲ್ಲಿ ಐದನೆಯ ತರಗತಿಗೆ ಪಾಠ ಮಾಡುತ್ತಿದ್ದಳು. ಅಲ್ಲಿ ಕಂಪ್ಯೂಟರಿನ ಕೋಣೆಯೇ ಇತ್ತು. ಶುಕ್ರವಾರದ ಕಂಪ್ಯೂಟರ್ ಪೀರಿಯಡ್ಡಿನಲ್ಲಿ ಅವಳ ಮಕ್ಕಳು 'ಕಂಡದ್ದು' ಓದಿ ಕಮೆಂಟು ಬರೆಯುತ್ತಿದ್ದರು. ಅದನ್ನು ಜಾಹೇದಾ ಪ್ರಿಂಟ್ ತೆಗೆದು ಸೋಮವಾರ ತರಗತಿಯಲ್ಲಿ ಓದುತ್ತಿದ್ದಳು. ಸೋಮವಾರ ಹಾಜರಿ ತುಂಬಿರುತ್ತಿದ್ದುದು ಅದಕ್ಕೇ.

ಜುಲೈ ಇಪ್ಪತ್ತೈದರ ಶನಿವಾರ ಶಫಿ ಮುಂಚೆಯೇ ಕಂಪ್ಯೂಟರ್ ಹಚ್ಚಿಟ್ಟಿದ್ದ. "ಆಪಾ, ಒಂದಕ್ಕೇ ಹನ್ನೊಂದು ಕಮೆಂಟ್ ಬಂದಾವ. ನನ್ನ ಅಂಗಡಿ ಹೆಸರೂ ಒಂದು ಮೂಲ್ಯಾಗ ಹಾಕ್ರಿ" ಎಂದ.

ಹನ್ನೊಂದೂ ಮಲ್ಕಮ್ಮನಿಗೆ. ಜೂನ್ ಇಪ್ಪತ್ತೆರಡಕ್ಕೆ ಅವಳು ಬರೆದಿದ್ದಳು: 'ಅಂಗಳದಲ್ಲಿ ನಾವು ನಿಲ್ಲಿಸಿದ ಒಂದು ಮೀಟರಿನ ಸರಳಿನ ನೆರಳು ಹನ್ನೆರಡರ ಗಂಟೆ ಹೊಡೆದಾಗ ದಕ್ಷಿಣದ ಕಡೆ ವಾಲಿತ್ತು. ಅಡುಗೆ ಕೋಣೆ ಇರುವ ಕಡೆ.' ನೆರಳಿನ ಪಾಠ ಅವರಿಗೆ ಈ ವಾರ ಬಂದಿತ್ತೇನೋ, ಅದರ ಕೆಳಗೆ ಕಲಬುರಗಿಯ ಮಕ್ಕಳು ಬರೆದಿದ್ದರು: 'ಮಧ್ಯಾಹ್ನದ ನೆರಳು ಯಾವಾಗಲೂ ಉತ್ತರಕ್ಕೆ ಬೀಳುತ್ತದೆ. ನಮ್ಮ ಗೈಡಿನಲ್ಲಿದೆ, ಪುಟ ನಲವತ್ತೊಂದು.' 'ಮಲ್ಕಮ್ಮ ಉಲ್ಟಾ ನಿಂತು ನೋಡಿರಬೇಕು.' 'ಅಡುಗೆ ಕೋಣೆಯ ಕಡೆ ನೋಡುತ್ತಿದ್ದಳು, ಹಸಿವಾಗಿತ್ತು.' ಕೊನೆಯದು: 'ಹಳ್ಳಿಯವರಿಗೆ ದಿಕ್ಕು ಗೊತ್ತಿರುವುದಿಲ್ಲ.'

ಜಾಹೇದಾ ಹನ್ನೊಂದನ್ನೂ ಇನ್ನೊಮ್ಮೆ ಓದಿದಳು. ಸಿಟ್ಟಿಗಿಂತ ಮೊದಲು ಬಂದದ್ದು ಹೆದರಿಕೆ. ಗೈಡು ಸರಿಯಿದ್ದರೆ? ತಾನು ಕೂಡ ಓದುವಾಗ ಉತ್ತರವೆಂದೇ ಕಲಿತಂತೆ ನೆನಪು. ಅಂದು ಹುಡುಗಿ ಬರೆದದ್ದನ್ನು ತಾನು ಹೊರಗೆ ಹೋಗಿ ನೋಡಿರಲಿಲ್ಲ, ಹಾಗೆಯೇ ಟೈಪು ಮಾಡಿದ್ದಳು.

ಅಮೃತಾಳಿಗೆ ಫೋನು ಮಾಡಿದಳು.

"ಏನವ್ವ, ನಿನ್ನ ಮಕ್ಕಳು ನನ್ನ ಹುಡುಗಿನ ಹುರದು ತಿಂದಾರ."

"ನಾ ಬೈದೀನಿ, ಆ ಹಳ್ಳಿ ಅಂತ ಬರದವನಿಗೆ ಕಿವಿ ಹಿಂಡೀನಿ," ಎಂದಳು ಅಮೃತ. "ಆದ್ರ ಜಾಹೇದಾ, ನೆಳ್ಳ ಉತ್ತರಕ್ಕೇ ಅಲ್ಲೇನು? ನೀನೂ ನಾನೂ ಅದನ್ನೇ ಬರದು ಪಾಸಾಗೀವಿ."

"ಹೊರಗ ಹೋಗಿ ನೋಡಿರೇನು?"

"ನಮ್ಮ ಸಾಲ್ಯಾಗ ಬಿಸಲಾಗ ಬಿಡಂಗಿಲ್ಲವ್ವ. ಪಾಲಕರು ಬೈತಾರ."

ಸೋಮವಾರ ಜಾಹೇದಾ ಕೊನೆಯದೊಂದನ್ನು ಬಿಟ್ಟು ಉಳಿದ ಹತ್ತನ್ನೂ ಓದಿದಳು. ಓದದೆ ಮುಚ್ಚಿಟ್ಟರೆ ಅದು ಇನ್ನೊಂದು ತಪ್ಪಾಗುತ್ತಿತ್ತು. ಮಕ್ಕಳು ನಕ್ಕರು. ಮಲ್ಕಮ್ಮ ನಗಲಿಲ್ಲ, ಅಳಲೂ ಇಲ್ಲ. "ಇವತ್ತೇ ನೋಡಮು ನಡೀರಿ ಟೀಚರ್" ಎಂದಳು.

ನಗುವಿನ ಸದ್ದಿಗೆ ಹೆಡ್ ಮಾಸ್ತರರೂ ಬಂದರು. ಹನ್ನೆರಡರ ಗಂಟೆ ಹೊಡೆದಾಗ ನಲವತ್ತೊಂದು ಮಕ್ಕಳು ಸರಳಿನ ಸುತ್ತ. ವಿಜ್ಞಾನದ ಕಿಟ್ಟಿನ ದಿಕ್ಸೂಚಿ ಇಟ್ಟು, ಉತ್ತರ ದಕ್ಷಿಣಕ್ಕೆ ಗೆರೆ ಎಳೆದು ಮಕ್ಕಳೇ ಆ ಸರಳನ್ನು ಜೂನಿನಲ್ಲಿ ನಿಲ್ಲಿಸಿದ್ದರು. ಎಲ್ಲರೂ ಬಗ್ಗಿ ನೋಡಿದರು. ನೆರಳು ಅರ್ಧ ಗೇಣಿನಷ್ಟು ಉದ್ದ ಬಿದ್ದಿತ್ತು. ಉತ್ತರಕ್ಕಲ್ಲ, ದಕ್ಷಿಣಕ್ಕೂ ಅಲ್ಲ. ಪಶ್ಚಿಮಕ್ಕೆ.

"ಗೈಡೂ ಸುಳ್ಳು, ಮಲ್ಕಮ್ಮನೂ ಸುಳ್ಳು. ನೆಳ್ಳ ಮಹಾಗಾಂವಿಗಿ ಹೊಂಟಾದ" ಎಂದರು ಚಂದ್ರಶಾ. ಮಕ್ಕಳು ಹೊಟ್ಟೆ ಹಿಡಿದು ನಕ್ಕರು. ಅವರು ಕೆಟ್ಟ ಮನುಷ್ಯರಲ್ಲ, ಮಾತು ಚಂದ ಕಂಡಿತೆಂದು ಆಡಿದ್ದರು ಅಷ್ಟೆ. ಆಮೇಲೆ ಜಾಹೇದಾಳನ್ನು ಪಕ್ಕಕ್ಕೆ ಕರೆದರು. "ಟೀಚರ್, ಮುಂದಿನ ಸೋಮವಾರ ಪರಿವೀಕ್ಷಕರು ಬರ್ತಾರ. ನಮ್ಮ ಬ್ಲಾಗು ನೋಡಿ ಬ್ಯಾರೆ ಸಾಲಿಯವರಿಗೂ ಹೇಳಬೇಕಂತ ಅದ ಅವರಿಗಿ. ಅಷ್ಟರೊಳಗ ಆ ನೆಳ್ಳಿನ ಸಾಲು ತಗದುಬಿಡ್ರಿ."

"ಆಕಿ ಕಂಡದ್ದು ಬರದಾಳ್ರಿ ಸರ್."

"ಕಂಡದ್ದೆಲ್ಲ ಖರೇ ಇರ್ತದೇನ್ರಿ? ನಮ್ಮ ಮನಿಯಾಕಿ ದಿನಾ ಸಿಟ್ಟಿನಾಗಿದ್ದಂಗ ನನಗ ಕಾಣ್ತದ. ಕೇಳಿದ್ರ ಇಲ್ಲ ಅಂತಾಳ. ಏನು ಮಾಡೋದು?"

ಜಾಹೇದಾಳಿಗೂ ನಗು ಬಂತು. ಆದರೆ ಸಂಜೆ ನೋಟುಬುಕ್ಕು ತೆರೆದಾಗ ಆ ನಗು ಉಳಿಯಲಿಲ್ಲ. ಮಲ್ಕಮ್ಮನ ಮೂವತ್ತೊಂಬತ್ತನೆಯ ಸಂಗತಿ ದುಂಡನೆಯ ಅಕ್ಷರದಲ್ಲಿತ್ತು: 'ಮಧ್ಯಾಹ್ನದ ನೆರಳು ಯಾವಾಗಲೂ ಉತ್ತರಕ್ಕೆ ಬೀಳುತ್ತದೆ.'

ಗೇಟಿನ ಬಳಿ ಹುಡುಗಿಯನ್ನು ನಿಲ್ಲಿಸಿ ಕೇಳಿದಳು. "ಇದು ಯಾವಾಗ ನೋಡಿದಿ?"

"ನೋಡಿಲ್ರಿ."

"ಮತ್ತ ಯಾಕ ಬರದಿ?"

"ಕಲಬುರಗಿಯವರ ಪುಸ್ತಕದಾಗ ಅದನ್ನೇ ಬರದಾರಂತಲ್ರಿ." ಮಲ್ಕಮ್ಮ ಚಪ್ಪಲಿಯ ತುದಿಯಿಂದ ಮಣ್ಣು ಕೆರೆದಳು. "ನನ್ನ ಕಣ್ಣಿಗಿಂತ ಅದು ಛಲೋ ಇರ್ತದ್ರಿ. ಇನ್ನ ಮ್ಯಾಲ ನೋಡಿ ಬರ್ಯಂಗಿಲ್ಲ, ಓದಿ ಬರೀತೀನಿ."

ಬಸ್ಸಿನಲ್ಲಿ ಜಾಹೇದಾಳಿಗೆ ಸೀಟು ಸಿಕ್ಕಿತು, ನೋಟುಬುಕ್ಕು ತೆರೆಯಲಿಲ್ಲ. ಬ್ಲಾಗು ನಿಂತುಹೋದರೆ ಹೋಗಲಿ. ಪರಿವೀಕ್ಷಕರು ನಕ್ಕರೆ ನಗಲಿ, ನಾಲ್ಕು ದಿನದ ಮಾತು. ಆದರೆ ಒಂಬತ್ತು ಸಲವಲ್ಲ, ತೊಂಬತ್ತು ಸಲ ನೋಡುವ ತಾಳ್ಮೆ ಇದ್ದ ಈ ಒಂದು ಹುಡುಗಿ ನೋಡುವುದನ್ನೇ ಬಿಟ್ಟರೆ, ಬಿಡಿಸಿದವಳು ನಾನೇ ಆಗುತ್ತೇನೆ. ಆ ಸಾಲನ್ನು ಅಳಿಸಿದರೂ ಬಿಡುತ್ತಾಳೆ, ಅಳಿಸದೆ ಸುಮ್ಮನಿದ್ದರೂ ಬಿಡುತ್ತಾಳೆ.

ಮನೆಯಲ್ಲಿ ಅಬ್ಬಾ ಬುರ್ಹಾನುದ್ದೀನ್ ಗಡಿಯಾರ ಬಿಚ್ಚಿ ಕುಳಿತಿದ್ದರು. ಸ್ಟೇಶನ್ ಬಜಾರದಲ್ಲಿ ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಅಂಗಡಿ ಬಿಟ್ಟ ಮೇಲೂ ಓಣಿಯ ಮಸೀದಿಯ ಗಡಿಯಾರ ಅವರದೇ ಜವಾಬ್ದಾರಿ. ಅಲ್ಲಿಯ ಕಪ್ಪು ಹಲಗೆಯ ಮೇಲೆ ವಾರ ವಾರ ನಮಾಜಿನ ಹೊತ್ತುಗಳನ್ನು ಬರೆಯುವುದೂ ಅವರೇ. ಚಹಾ ಕೊಟ್ಟು, ಯಾರಿಗಾದರೂ ಹೇಳದಿದ್ದರೆ ಆಗದು ಎನ್ನಿಸಿ, ಜಾಹೇದಾ ನಡೆದದ್ದನ್ನೆಲ್ಲ ಹೇಳಿದಳು.

ಅಬ್ಬಾ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಮಸೂರ ತೆಗೆದರು. "ಎಷ್ಟು ಗಂಟೆಗೆ ನೋಡಿದಿರಿ?"

"ಹನ್ನೆರಡಕ್ಕೆ ಅಬ್ಬಾ. ಸೂರ್ಯ ನೆತ್ತಿಯ ಮೇಲೆ ಬರುವ ಹೊತ್ತಿಗೆ."

"ಬಾರಾ ಬಜೇ ಸೂರಜ್ ಸರ್ ಪೇ ಆತಾ ಕ್ಯಾ, ಬೇಟಾ?" ಅಬ್ಬಾ ನಗತೊಡಗಿದರು. ಹನ್ನೆರಡಕ್ಕೆ ಸೂರ್ಯ ನೆತ್ತಿಗೆ ಬರುತ್ತಾನೆಂದು ಇವಳಿಗೆ ಹೇಳಿದವರು ಯಾರು? "ಹನ್ನೆರಡು ಅನ್ನೋದು ರೈಲಿನವರ ಲೆಕ್ಕ. ಇಡೀ ದೇಶಕ್ಕೆ ಒಂದೇ ಗಡಿಯಾರ. ಸೂರ್ಯನಿಗೆ ರೈಲು ಹಿಡಿಯೋದಿದೆಯಾ? ಜವಾಲ್ ಎಷ್ಟು ಗಂಟೆಗೆ, ಹೇಳು."

ಜಾಹೇದಾಳ ಕೈಯ ಚಹಾದ ಬಸಿ ಅಲ್ಲೇ ನಿಂತಿತು. ಜವಾಲ್ ಎಂದರೆ ಸೂರ್ಯ ನೆತ್ತಿಗೆ ಬಂದು ಇಳಿಯಲು ತೊಡಗುವ ಗಳಿಗೆ. ಆ ಗಳಿಗೆಯಲ್ಲಿ ನಮಾಜು ಮಾಡಬಾರದು, ಅದು ದಾಟುವವರೆಗೆ ಕಾಯಬೇಕು. ಏಳು ವರ್ಷದವಳಿದ್ದಾಗಿನಿಂದ ರಜೆಯ ದಿನ ಮಧ್ಯಾಹ್ನ ಚಾಪೆ ಹಾಸಿ ಅವಳು ಕಾದಿದ್ದಾಳೆ. "ಹನ್ನೆರಡು ಇಪ್ಪತ್ತೊಂಬತ್ತು" ಎಂದಳು ಮೆಲ್ಲಗೆ.

"ಹಲಗೆಯ ಮೇಲೆ ನಾನೇ ಬರೆದಿದ್ದೇನೆ. ನೀವು ಅರ್ಧ ತಾಸು ಮೊದಲೇ ಹೋಗಿ ಸೂರ್ಯನ ಬಾಗಿಲು ಬಡಿದಿದ್ದೀರಿ. ಅವನು ಇನ್ನೂ ಪೂರ್ವದಲ್ಲಿದ್ದ. ನೆರಳು ಪಶ್ಚಿಮಕ್ಕೆ ಬೀಳದೆ ಇನ್ನೆಲ್ಲಿ ಬೀಳಬೇಕು?"

ಮನೆಯಲ್ಲಿ ಹನ್ನೆರಡು ಇಪ್ಪತ್ತೊಂಬತ್ತು, ಶಾಲೆಯಲ್ಲಿ ಹನ್ನೆರಡು. ಒಂದೇ ಸೂರ್ಯನಿಗೆ ಎರಡು ಹೊತ್ತು ಇಟ್ಟುಕೊಂಡು ಇಷ್ಟು ವರ್ಷ ಕಳೆದವಳು ತಾನು, ವಿಜ್ಞಾನದ ಟೀಚರ್. ಜಾಹೇದಾ ಬಸಿ ಕೆಳಗಿಟ್ಟು, ಮುಖ ಮುಚ್ಚಿಕೊಂಡು, ಬಹಳ ಹೊತ್ತು ನಕ್ಕಳು. ಅಬ್ಬಾ ತಮ್ಮ ಕೈಗಡಿಯಾರವನ್ನು ರೇಡಿಯೋದ ಸಮಯಕ್ಕೆ ಸರಿಮಾಡಿ ಬಿಚ್ಚಿ ಕೊಟ್ಟರು. "ತಗೊಂಡು ಹೋಗು. ನಿಮ್ಮ ಗಂಟೆ ಬಾರಿಸುವವನನ್ನು ನಂಬಬೇಡ."

ಮಂಗಳವಾರ ಅವಳು ಮಕ್ಕಳಿಗೆ ಮೊದಲು ಹೇಳಿದ್ದು ತನ್ನ ತಪ್ಪನ್ನೇ. ಮನೆಯಲ್ಲಿ ತಿಳಿದಿದ್ದನ್ನು ಶಾಲೆಗೆ ತರಲಿಲ್ಲ ಎಂದಳು. ಮಕ್ಕಳಿಗೆ ಟೀಚರಿನ ತಪ್ಪು ಬಹಳ ಇಷ್ಟವಾಯಿತು. ಎರಡು ಸಲ ಹೇಳಿಸಿದರು. ಹೆಡ್ ಮಾಸ್ತರರು ಮಾತ್ರ, "ಅರ್ಧಾ ತಾಸು ತಡಾ ಮಾಡಿದ್ರ ಸೂರ್ಯ ಪಾಸ್ ಆಗ್ತಾನೇನ್ರಿ?" ಎಂದರು. ಆದರೂ ಬೇಡವೆನ್ನಲಿಲ್ಲ.

ಮಲ್ಕಮ್ಮ ಅಂಗಳಕ್ಕೆ ಬರಲು ಒಪ್ಪಲಿಲ್ಲ. ಜಾಹೇದಾ ಒತ್ತಾಯ ಮಾಡದೆ ಅಬ್ಬಾರ ಗಡಿಯಾರವನ್ನು ಅವಳ ಕೈಗೆ ಕಟ್ಟಿದಳು. ಅದು ಮೊಣಕೈವರೆಗೆ ಜಾರಿತು. "ನೀ ನೆಳ್ಳ ನೋಡಬ್ಯಾಡ. ಬಾಗಲದಾಗ ನಿಂತು ಹೊತ್ತು ಹೇಳು, ಸಾಕು."

ಹನ್ನೆರಡು ಇಪ್ಪತ್ತೊಂಬತ್ತಕ್ಕೆ ಬಾಗಿಲಿನಿಂದ "ಈಗ" ಎಂಬ ಸಣ್ಣ ದನಿ ಬಂತು. ಮಕ್ಕಳು ಬಗ್ಗಿದರು.

"ಅಡಗಿ ಕೋಣಿ ಕಡೀಗೇ ಅದ್ರಿ ಟೀಚರ್. ಗೆರಿ ಮ್ಯಾಲ ಸೀದಾ."

"ಎಷ್ಟು?"

"ಇಪ್ಪತ್ನಾಲ್ಕು ಸಣ್ಣ ಗೆರಿ."

ಸ್ಕೇಲಿನ ಸಣ್ಣ ಗೆರೆ ಎಂದರೆ ಒಂದು ಮಿಲಿಮೀಟರ್. ಎರಡು ಬೆರಳಿನಷ್ಟೂ ಇರದ ಆ ಮೊಂಡು ನೆರಳು ದಕ್ಷಿಣಕ್ಕೆ ಮೂಗು ಮಾಡಿ ಮಲಗಿತ್ತು. ಬಾಗಿಲಲ್ಲಿ ನಿಂತವಳು ಗಡಿಯಾರ ನೋಡುತ್ತಲೇ ಇದ್ದಳು. ಆದರೆ ಬುಧವಾರ ಅವಳು ಮೆಟ್ಟಿಲ ಮೇಲಿದ್ದಳು. ಗುರುವಾರ ಮೊಣಕಾಲೂರಿ, ಒಂದು ಕಣ್ಣು ಮುಚ್ಚಿ, ಸ್ಕೇಲನ್ನು ತಾನೇ ಹಿಡಿದಿದ್ದಳು. ಬುಧವಾರ ಇಪ್ಪತ್ತು, ಗುರುವಾರ ಹದಿನಾರು. ಶುಕ್ರವಾರ ಹನ್ನೆರಡು ಎಂದಾಗ ಅವಳು ಯಾರಿಗೂ ಏನೂ ಹೇಳದೆ ಒಳಗೆ ಹೋಗಿ, ಬೋರ್ಡಿನ ಮೂಲೆಯಲ್ಲಿ ಏನನ್ನೋ ಬರೆದು, ಬೆರಳು ಮಡಚಿ, ಹೊರಗೆ ಬಂದಳು.

"ಟೀಚರ್, ದಿನಾ ನಾಕು ನಾಕು ಕಮ್ಮಿ ಆಗ್ಲಾಕತ್ತಾದ."

"ಹೌದು."

"ಹಂಗಾದ್ರ ಸೋಮವಾರ ನೆಳ್ಳೇ ಇರಂಗಿಲ್ಲ."

ಮಕ್ಕಳು ಸರಳಿನ ಸುತ್ತ ಇನ್ನೂ ಹತ್ತಿರ ಬಂದರು. ನೆರಳೇ ಇಲ್ಲದ ಸರಳು, ನೆರಳೇ ಇಲ್ಲದ ಮನುಷ್ಯ. "ದೆವ್ವಕ್ಕ ಇರಂಗಿಲ್ಲಂತ ನಮ್ಮ ಆಯಿ ಹೇಳ್ಯಾಳ" ಎಂದ ಒಬ್ಬ. "ಹಂಗಾದ್ರ ಸೋಮವಾರ ಹೆಡ್ ಮಾಸ್ತರ್ರೂ ದೆವ್ವ" ಎಂದ ಇನ್ನೊಬ್ಬ.

"ಇದನ್ನ ಬ್ಲಾಗಿಗಿ ಹಾಕ್ತೀರೇನ್ರಿ?" ಎಂದಳು ಮಲ್ಕಮ್ಮ. ಕೇಳಿದ ಮೇಲೆ ಅವಳೇ ಹಿಂಜರಿದಳು. "ಆದ್ರ ಇದು ಇನ್ನಾ ಕಂಡಿಲ್ರಿ."

ಜಾಹೇದಾ ಆ ಸಂಜೆಯೆಲ್ಲ ಅದನ್ನೇ ಯೋಚಿಸಿದಳು. ಕಾಣದೆ ಬರೆಯಬಾರದೆಂಬ ಕಾಯಿದೆ ತನ್ನದೇ. ಬರೆದು, ಸೋಮವಾರ ಪರಿವೀಕ್ಷಕರ ಎದುರು ಒಂದು ಬೆರಳು ನೆರಳು ಉಳಿದುಬಿಟ್ಟರೆ ಹುಡುಗಿ ಎರಡನೆಯ ಸಲ ಎಲ್ಲರ ನಗೆಗೆ ಗುರಿಯಾಗುತ್ತಾಳೆ. ಆಮೇಲೆ ಅವಳನ್ನು ಅಂಗಳಕ್ಕೆ ಯಾವ ಗಡಿಯಾರವೂ ಕರೆತರದು. ಮೋಡ ಬಂದರೆ? ಶ್ರಾವಣ ತಿಂಗಳು, ಮೋಡ ಬರಲು ಯಾರ ಅಪ್ಪಣೆಯೂ ಬೇಕಿಲ್ಲ. ಬರೆಯದಿದ್ದರೋ, ಟೀಚರಿಗೂ ನನ್ನ ಲೆಕ್ಕದ ಮೇಲೆ ನಂಬಿಕೆ ಇಲ್ಲ ಎಂದುಕೊಳ್ಳುತ್ತಾಳೆ. ಅಷ್ಟೇ ಅಲ್ಲ, ಅದು ನಿಜವೂ ಆಗಿರುತ್ತದೆ.

ಶನಿವಾರ ಶಫಿಯ ಅಂಗಡಿಯಲ್ಲಿ ಅವಳು ಜೂನಿನ ಸಾಲನ್ನು ಅಳಿಸಲಿಲ್ಲ. ಅದರ ಕೆಳಗೆ ಹನ್ನೆರಡು ಗಂಟೆಯ ತಪ್ಪನ್ನು ತನ್ನ ಹೆಸರಿನಲ್ಲೇ ಬರೆದಳು. ಜೂನಿನಲ್ಲಿ ಸೂರ್ಯ ಇನ್ನೂ ಬಹಳ ಉತ್ತರಕ್ಕಿದ್ದುದರಿಂದ ಹನ್ನೆರಡಕ್ಕೂ ನೆರಳು ಪಶ್ಚಿಮದ ಜೊತೆ ದಕ್ಷಿಣಕ್ಕೂ ವಾಲಿತ್ತು ಎಂದು ಸೇರಿಸಿದಳು. ನಾಲ್ಕು ದಿನದ ಅಳತೆ ಹಾಕಿದಳು. ಮೇಲೆ ಹೊಸದೊಂದು ತಲೆಬರಹ ಕೊಟ್ಟಳು: 'ಇನ್ನೂ ಕಂಡಿಲ್ಲ'. 'ಸೋಮವಾರ, ಆಗಸ್ಟ್ ಮೂರು, ಹನ್ನೆರಡು ಇಪ್ಪತ್ತೊಂಬತ್ತಕ್ಕೆ ನಮ್ಮ ಸರಳಿಗೆ ನೆರಳು ಇರುವುದಿಲ್ಲ. ಇದು ನನ್ನ ಲೆಕ್ಕ. ಕಲಬುರಗಿಯವರೂ ನೋಡಿರಿ. — ಮಲ್ಕಮ್ಮ.'

ಅಮೃತ ಫೋನಿನಲ್ಲಿ ನಕ್ಕಳು. "ನೀ ಡಿ.ಎಡ್. ಪರೀಕ್ಷಾದಾಗ ಪೇಪರ್ ಕೊಡೂಮುಂದ ಮೂರು ಸಲ ವಾಪಸ್ ಇಸಗೊಂಡಾಕಿ. ನಿನಗ ಇಷ್ಟು ಧೈರ್ಯ ಎಲ್ಲಿಂದ ಬಂತು?"

"ಧೈರ್ಯ ನಂದಲ್ಲ, ಹುಡುಗೀದು. ನಿನ್ನ ಮಕ್ಕಳನ್ನ ಹತ್ತು ನಿಮಿಷ ಬಿಸಲಾಗ ಬಿಡು. ಪಾಲಕರಿಗಿ ನಾ ಹೇಳ್ತೀನಿ."

ಸೋಮವಾರ ಬೆಳಿಗ್ಗೆ ಆಕಾಶ ಪೂರ್ತಿ ಮುಚ್ಚಿತ್ತು. ಬಸ್ಸಿನ ಕಿಟಕಿಯಿಂದ ನೋಡಿ ನೋಡಿ ಜಾಹೇದಾಳ ಕತ್ತು ನೋಯುತ್ತಿತ್ತು. ಶಾಲೆಯ ಗೇಟಿನಲ್ಲಿ ಮಲ್ಕಮ್ಮ ನಿಂತಿದ್ದಳು. ಅಬ್ಬಾರ ಗಡಿಯಾರವನ್ನು ಜಾಹೇದಾ ಅವಳ ಕೈಯಲ್ಲೇ ಬಿಟ್ಟಿದ್ದಳು. ಈಗದು ಜಾರದಂತೆ ಕರವಸ್ತ್ರ ಸುತ್ತಿ ಕಟ್ಟಿತ್ತು.

"ಶನಿವಾರ ಎಂಟು, ಐತವಾರ ನಾಕು," ಎಂದಳು.

"ಸೂಟಿ ದಿನಾನೂ ಬಂದಿದ್ದೇನು?"

"ಗೇಟು ಕೀಲಿ ಹಾಕಿತ್ರಿ. ಜಿಗದೀನಿ."

ಜಾಹೇದಾ ಬೈಯಬೇಕಿತ್ತು. ನೋಟುಬುಕ್ಕು ತೆರೆದು, ಎರಡು ಹೊಸ ಸಂಗತಿಗಳ ಕೆಳಗೆ ಅವಳ ಹೆಸರು ನೋಡಿ, ಬೈಯುವುದನ್ನು ಮರೆತಳು.

ಪರಿವೀಕ್ಷಕ ಮಹಾದೇವಪ್ಪ ಹನ್ನೊಂದಕ್ಕೆ ಬಂದರು. ಶ್ರಾವಣ ಸೋಮವಾರದ ಉಪವಾಸ, ಹಣೆಯಲ್ಲಿ ವಿಭೂತಿ, ಬೇಗ ಮುಗಿಸಿ ಗುಡಿಗೆ ಹೋಗುವ ಅವಸರ. ಚಂದ್ರಶಾ ಅವರನ್ನು ಆಫೀಸಿನಲ್ಲಿ ಕೂಡಿಸಿ, ಹಾಜರಿ ಪುಸ್ತಕ, ಬಿಸಿಯೂಟದ ಪುಸ್ತಕ, ಶೌಚಾಲಯದ ಫೋಟೋ ಒಂದೊಂದಾಗಿ ಮುಂದೆ ಇಡುತ್ತಾ ಹೋದರು. ಮಹಾದೇವಪ್ಪ ಎಲ್ಲವನ್ನೂ ಪಕ್ಕಕ್ಕೆ ಸರಿಸಿದರು.

"ನೆಳ್ಳ ಎಲ್ಲಿ ಬೀಳ್ತದ್ರಿ ನಿಮ್ಮಲ್ಲಿ? ನಾ ಎಲ್ಲಾ ಓದೇ ಬಂದೀನಿ."

ಚಂದ್ರಶಾ ಜಾಹೇದಾಳ ಕಡೆ ತಿರುಗಿದರು. ಆ ನೋಟದಲ್ಲಿ 'ತೆಗೆಯಲಿಲ್ಲವೇ' ಎಂಬುದಿತ್ತು. ಅವಳು ಇಲ್ಲವೆಂದು ತಲೆ ಅಲ್ಲಾಡಿಸಿದಳು.

ಹನ್ನೆರಡೂಕಾಲಿಗೆ ಇಡೀ ಶಾಲೆ ಅಂಗಳದಲ್ಲಿತ್ತು. ಬೂದಿ ಬಣ್ಣದ ಬೆಳಕು, ಯಾರಿಗೂ ನೆರಳಿಲ್ಲ. "ಈಗೂ ನೆಳ್ಳಿಲ್ಲ ನೋಡ್ರಿ ಸಾಹೇಬ್ರ, ಮಲ್ಕಮ್ಮ ಗೆದ್ದಳು" ಎಂದು ಯಾರೋ ಹಿಂದಿನಿಂದ ಕೂಗಿದ. "ಇದು ಮೋಡದ್ದು. ಇದು ಲೆಕ್ಕಿಲ್ಲ," ಎಂದಳು ಮಲ್ಕಮ್ಮ, ಗಡಿಯಾರದಿಂದ ಕಣ್ಣೆತ್ತದೆ. ಮಹಾದೇವಪ್ಪ ಅವಳನ್ನು ಮೊದಲ ಸಲ ಸರಿಯಾಗಿ ನೋಡಿದರು.

ಹನ್ನೆರಡು ಇಪ್ಪತ್ತು ಆಯಿತು. ಇಪ್ಪತ್ನಾಲ್ಕು ಆಯಿತು. ಜಾಹೇದಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ಹೊಲಗಳ ಕಡೆಯಿಂದ ಗಾಳಿ ಎದ್ದಿತು. ಮೋಡ ಹರಿಯಲಿಲ್ಲ, ಸುಮ್ಮನೆ ತೆಳ್ಳಗಾಗುತ್ತಾ ಬಂದು, ಅಂಗಳದ ಆ ತುದಿಯಿಂದ ಬಿಸಿಲು ಮಕ್ಕಳ ತಲೆಗಳ ಮೇಲೆ ಹಾಯ್ದು ಬಂತು. ಇಪ್ಪತ್ತೇಳು. ಸರಳಿನ ಬುಡದಲ್ಲಿ ಪಶ್ಚಿಮಕ್ಕೆ ಒಂದು ಕಪ್ಪು ತುಣುಕು ಕಂಡಿತು. ಎಲ್ಲರ ಕಣ್ಣೆದುರೇ ಅದು ಒಳಗೆ ಎಳೆದುಕೊಳ್ಳುತ್ತಾ ಹೋಯಿತು, ಬಸವನಹುಳು ಕೊಂಬು ಎಳೆದುಕೊಂಡಂತೆ.

"ಈಗ," ಎಂದಳು ಮಲ್ಕಮ್ಮ.

ಸರಳು ನಿಂತಿತ್ತು. ನೆರಳು ಇರಲಿಲ್ಲ.

ಆಮೇಲೆ ಅಂಗಳಕ್ಕೆ ಹುಚ್ಚು ಹಿಡಿಯಿತು. ಮಕ್ಕಳು ಸಿಕ್ಕಸಿಕ್ಕದ್ದನ್ನು ನೆಲದ ಮೇಲೆ ನಿಲ್ಲಿಸಿ ನೋಡತೊಡಗಿದರು. ನೀರಿನ ಲೋಟ, ಸುಣ್ಣದ ಕಡ್ಡಿಯ ಡಬ್ಬಿ, ಪೊರಕೆ. ತಮ್ಮದೇ ನೆರಳು ಕಾಲ ಕೆಳಗೆ ಸಣ್ಣ ಚಾಪೆಯಂತೆ ಮುದುಡಿದ್ದನ್ನು ನೋಡಿ ಅದರ ಮೇಲೆ ಕುಣಿದರು. ಹಾರಿದರೆ ಅದು ಬೇರೆಯಾಗುತ್ತದೆ, ಇಳಿದರೆ ಅಂಟಿಕೊಳ್ಳುತ್ತದೆ ಎಂದು ಕಂಡುಹಿಡಿದ ಮೇಲಂತೂ ಹಾರದವರೇ ಇಲ್ಲ. ಚಂದ್ರಶಾ ತಾವೂ ಸರಳಿನ ಪಕ್ಕ ನೆಟ್ಟಗೆ ನಿಂತು ಬಗ್ಗಿ ನೋಡಿದರು.

"ನನ್ನದು ಕಾಣವಲ್ದಲ್ಲ?"

"ನಿಮ್ಮ ಹೊಟ್ಟಿ ಅಡ್ಡ ಬಂದಾದ್ರಿ ಸರ್," ಎಂದ ಒಬ್ಬ ಸಣ್ಣವ. ನಕ್ಕವರಲ್ಲಿ ಮೊದಲಿಗರು ಹೆಡ್ ಮಾಸ್ತರರೇ.

ಮಹಾದೇವಪ್ಪ ಸರಳಿನ ಬಳಿ ಕುಕ್ಕರಗಾಲಲ್ಲಿ ಕುಳಿತಿದ್ದರು. "ಇಪ್ಪತ್ತೆರಡು ವರ್ಷ ಉತ್ತರಕ್ಕ ಬೀಳ್ತದಂತ ಕಲಿಸೀನ್ರಿ ನಾನು," ಎಂದರು ತಮಗೇ ಎಂಬಂತೆ. "ಹಂಗಾದ್ರ ಪುಟ ನಲವತ್ತೊಂದು ಸುಳ್ಳೇನು?"

ಜಾಹೇದಾ ಮಾತುಗಳನ್ನು ಆರಿಸಿಕೊಂಡಳು. "ಸುಳ್ಳಲ್ರಿ. ವರ್ಷದಾಗ ಬಹಳ ದಿನ ಅದು ಖರೇ. ಬ್ಯಾಸಗಿ ಕಡಿಯಿಂದ ಇವತ್ತಿನ ತನಕ ಮಾತ್ರ ಸೂರ್ಯ ನಮ್ಮ ತಲಿ ದಾಟಿ ಉತ್ತರಕ್ಕ ಹೋಗಿರ್ತಾನ, ಆವಾಗ ನೆಳ್ಳ ದಕ್ಷಿಣಕ್ಕ. ಗೈಡಿನವರು 'ಯಾವಾಗಲೂ' ಅನ್ನಬಾರದಾಗಿತ್ತು, ಅಷ್ಟೇ."

ಆಗ ಅವಳ ಫೋನು ರಿಂಗಾಯಿತು. ಅಮೃತ. ಜಾಹೇದಾ ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಚ್ಚಿದಳು.

"ಜಾಹೇದಾ, ನಮ್ಮಲ್ಲಿ ನೆಳ್ಳ ಹೋಗಿಲ್ಲವ್ವ. ಎಲ್ಲಾರೂ ಹೊರಗ ನಿಂತೀವಿ. ಮೀಟರ್ ಕೋಲೇ ಹಚ್ಚೀವಿ. ನಾಕು ಗೆರಿ ಉಳದಾದ."

ಹಾರುತ್ತಿದ್ದ ಮಕ್ಕಳೆಲ್ಲ ಫೋನಿನ ಸುತ್ತ ಸೇರಿದರು. ಚಂದ್ರಶಾ ಪರಿವೀಕ್ಷಕರ ಮುಖ ನೋಡಿದರು. ಇಲ್ಲಿ ಹೋದ ನೆರಳು ಎಂಟು ಹರದಾರಿಯೂ ಇಲ್ಲದ ಕಲಬುರಗಿಯಲ್ಲಿ ಉಳಿಯುವುದೆಂದರೆ? ಮಲ್ಕಮ್ಮ ಫೋನಿನ ಹತ್ತಿರ ಬಂದು, ಅದಕ್ಕೆ ಬಾಯಿ ತಾಗುವಷ್ಟು ಬಗ್ಗಿದಳು.

"ಯಾವ ಕಡಿಗಿ ಬಿದ್ದಾದ್ರಿ?"

ಆ ಕಡೆ ಪಿಸುಪಿಸು. ಯಾರೋ ದಿಕ್ಸೂಚಿ ಕೇಳಿದರು, ಯಾರೋ ಕೊಟ್ಟರು. ಕೊನೆಗೆ ಒಬ್ಬ ಹುಡುಗನ ದನಿ ಬಂತು, ಸ್ವಲ್ಪ ತಗ್ಗಿದ್ದು.

"ದಕ್ಷಿಣಕ್ಕ."

ಕಮಲಾಪುರದ ಅಂಗಳದಲ್ಲಿ ಎದ್ದ ಕೂಗಿಗೆ ಬೇವಿನ ಮರದ ಗಿಳಿಗಳೆಲ್ಲ ಹಾರಿದವು. ಮಲ್ಕಮ್ಮ ಒಂದು ಕಿವಿ ಮುಚ್ಚಿಕೊಂಡು, ಕೂಗು ಇಳಿಯುವವರೆಗೆ ಕಾದು, ಬೆರಳು ಮಡಚಿದಳು.

"ನಾಕು ಉಳದಾದ ಅಂದ್ರ ನಿಮಗ ನಾಳಿಗಿ," ಎಂದಳು. "ಇವತ್ತು ನಮ್ಮೂರು, ನಾಳಿ ನಿಮ್ಮೂರು. ಹನ್ನೆರಡಕ್ಕ ಬರಬ್ಯಾಡ್ರಿ, ಇಪ್ಪತ್ತೊಂಬತ್ತಕ್ಕ ಬರ್ರಿ. ಗೈಡು ಒಳಗೇ ಇಡ್ರಿ, ಬಿಸಲಿಗಿ ಹಾಳಿ ಮುದುಡ್ತಾವ."

ಮಹಾದೇವಪ್ಪ ಬಿದ್ದು ಬಿದ್ದು ನಕ್ಕರು. ಗುಡಿಗೆ ಹೋಗುವ ಅವಸರ ಅವರಿಗೆ ನೆನಪಿದ್ದಂತೆ ಕಾಣಲಿಲ್ಲ. "ನಾಳಿ ನಾನೂ ಕುಸನೂರ ಸಾಲಿಗಿ ಹೋಗ್ತೀನ್ರಿ," ಎಂದರು ಚಂದ್ರಶಾರಿಗೆ. "ಈ ಹುಡುಗಿ ಸುಳ್ಳಾಗ್ತಾಳೇನು ನೋಡಬೇಕು."

"ಆಗಂಗಿಲ್ರಿ," ಎಂದರು ಚಂದ್ರಶಾ, ವಾರದ ಹಿಂದಿನಿಂದಲೂ ತಾವು ಅದನ್ನೇ ಹೇಳುತ್ತಾ ಬಂದವರಂತೆ.

ಮಲ್ಕಮ್ಮ ಅಷ್ಟರಲ್ಲಿ ಒಳಗೆ ಓಡಿ ಜಿಲ್ಲೆಯ ನಕಾಶೆಯ ಮುಂದೆ ನಿಂತಿದ್ದಳು. ಅವಳ ಹಿಂದೆ ಅರ್ಧ ತರಗತಿ. ಜಾಹೇದಾ ಬಾಗಿಲಿಗೆ ಬಂದಾಗ ಅವಳ ಬೆರಳು ಕಮಲಾಪುರದಿಂದ ಕಲಬುರಗಿಗೆ ಇಳಿದಿತ್ತು. ಮತ್ತೆ ಮೇಲೆ, ಜಿಲ್ಲೆಯ ಗಡಿಯಾಚೆಗೆ ಹೋಯಿತು.

"ನೆಳ್ಳಿಲ್ಲದ್ದು ಐತವಾರ ಹುಮನಾಬಾದದಾಗ ಇದ್ದಿರಬೇಕು. ಸೂಟಿ ಇತ್ತು, ಯಾರೂ ನೋಡಿಲ್ಲ ನೋಡ್ರಿ," ಎಂದಳು ಬಹಳ ಮರುಗಿ. ಬೆರಳು ಕೆಳಗಿಳಿಯಿತು. ಕಲಬುರಗಿ ದಾಟಿತು, ಭೀಮಾ ನದಿಯ ನೀಲಿ ಗೆರೆಯ ಹತ್ತಿರ ನಿಂತಿತು. "ಬುಧವಾರ ಜೇವರ್ಗಿ. ಟೀಚರ್, ಜೇವರ್ಗಿಯಾಗ ಬ್ಲಾಗು ಓದೋರು ಯಾರರ ಅದಾರೇನ್ರಿ?"

"ನನಗ ಗೊತ್ತಿದ್ದೋರು ಯಾರೂ ಇಲ್ಲ."

"ನಮ್ಮ ಸೋದರಮಾವ ಅದಾನ್ರಿ," ಎಂದ ಹಿಂದಿನಿಂದ ಒಬ್ಬ. "ಓದಲಾಕ ಬರಂಗಿಲ್ಲ. ಫೋನ್ ಅದ."

"ಕಣ್ಣು ಅದಾವಿಲ್ಲೋ?" ಎಂದಳು ಮಲ್ಕಮ್ಮ. "ನಂಬರ್ ಹೇಳು."